ಅಜ್ಜನ ಸತ್ಯವೇದದ ಅಂಚಿನ ಲೆಕ್ಕ

ನಮ್ಮ ಅಜ್ಜನ ಸತ್ಯವೇದ, ಅಂದರೆ ಬೈಬಲ್, ಈಗ ನನ್ನ ಬಳಿ ಇದೆ. ಕಪ್ಪು ರಟ್ಟು, ಕಿತ್ತುಹೋದ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದ ರಿಪೇರಿ, ಒಳಗೆಲ್ಲ ನುಸಿಗುಳಿಗೆಯ ವಾಸನೆ. ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯ ತೆರೆದರೆ ಬಲಗಡೆಯ ಅಂಚಿನಲ್ಲಿ ಪೆನ್ಸಿಲಿನಿಂದ ಮಾಡಿದ ಒಂದು ಕೂಡುವ ಲೆಕ್ಕ ಕಾಣುತ್ತದೆ. ಮೇಲೆ 1948, ಕೆಳಗೆ 40, ಅಡ್ಡಗೆರೆ, ಅದರ ಕೆಳಗೆ 1988. ಅಷ್ಟಕ್ಕೂ ಸೇರಿಸಿ ಒಂದೇ ಗೀಟು ಎಳೆದು ಹೊಡೆದುಹಾಕಿದೆ. ಸ್ವಲ್ಪ ಕೆಳಗೆ ಇನ್ನೊಂದು: 1967, 40, 2007. ಅದಕ್ಕೆ ಗೀಟು ಬಿದ್ದಿಲ್ಲ. ಅಜ್ಜ 1999ರಲ್ಲೇ ತೀರಿಕೊಂಡರು.

ಅಜ್ಜ ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಎಣಿಕೆಯ ಗುಮಾಸ್ತರಾಗಿದ್ದರು. ಲಾರಿಗೆ ಏರುವ ಹೆಂಚನ್ನು ಎಣಿಸುವುದು, ಒಡೆದದ್ದನ್ನು ಕಳೆಯುವುದು, ಚೀಟಿ ಬರೆಯುವುದು. ಮನೆಯಲ್ಲೂ ಅದೇ ಅಭ್ಯಾಸ. ತೆಂಗಿನಕಾಯಿ ಕೀಳಿಸಿದರೆ ಎಷ್ಟು, ಅದರಲ್ಲಿ ಎಳೆಯದು ಎಷ್ಟು, ಕೀಳುವವನಿಗೆ ಕೊಟ್ಟದ್ದು ಎಷ್ಟು ಎಂದು ಬರೆದಿಡುತ್ತಿದ್ದರು. ಅಂಥವರ ಕೈಗೆ ಕಡೇ ದಿವಸಗಳ ವಿಷಯ ಸಿಕ್ಕರೆ ಅವರು ಸುಮ್ಮನೆ ಓದಿ ಮುಚ್ಚಿಡುತ್ತಾರೆಯೇ?

ಲೆಕ್ಕದ ಹಿಂದಿನ ತರ್ಕ ಇಷ್ಟೆ. ಅಂಜೂರದ ಮರ ಎಲೆ ಬಿಡುವಾಗ ಬೇಸಿಗೆ ಹತ್ತಿರವಾಯಿತೆಂದು ತಿಳಿಯುತ್ತೀರಲ್ಲವೇ, ಹಾಗೆಯೇ ಇವುಗಳನ್ನು ನೋಡುವಾಗ ತಿಳಿದುಕೊಳ್ಳಿರಿ ಎಂದು ಯೇಸು ಶಿಷ್ಯರಿಗೆ ಹೇಳುತ್ತಾನೆ. ಇದೆಲ್ಲ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ ಎಂದೂ ಹೇಳುತ್ತಾನೆ. ಅಂಜೂರದ ಮರ ಎಂದರೆ ಇಸ್ರಾಯೇಲ್ ಜನ, ಅದು ಚಿಗುರಿದ್ದು ಇಸ್ರೇಲ್ ರಾಷ್ಟ್ರ ಹುಟ್ಟಿದ 1948ರ ಮೇ 14ರಂದು, ಒಂದು ತಲೆಮಾರು ಎಂದರೆ ಆ ಜನ ಹಿಂದೆ ಅರಣ್ಯದಲ್ಲಿ ಅಲೆದ 40 ವರ್ಷ. ಕೂಡಿಸಿದರೆ 1988, ಅಷ್ಟರೊಳಗೆ ಯೇಸು ಮರಳಿ ಬರಬೇಕು. ಇದು ಅಜ್ಜನ ಸ್ವಂತ ಆವಿಷ್ಕಾರವಲ್ಲ. 1970ರಲ್ಲಿ ಅಮೆರಿಕದ ಹಾಲ್ ಲಿಂಡ್ಸೆ ಜನಪ್ರಿಯಗೊಳಿಸಿದ ಈ ಎಣಿಕೆ ಕರಪತ್ರ, ಕ್ಯಾಸೆಟ್, ಉಜ್ಜೀವನ ಕೂಟಗಳ ದಾರಿ ಹಿಡಿದು ನಮ್ಮ ಕರಾವಳಿಗೂ ಬಂದು ಮುಟ್ಟಿತ್ತು. 1988 ದಾಟಿದ ಮೇಲೆ ಲೆಕ್ಕದ ಬುಡ 1967ಕ್ಕೆ, ಯೆರೂಸಲೇಮಿನ ಹಳೆಯ ಪಟ್ಟಣ ಇಸ್ರೇಲಿನ ಕೈಸೇರಿದ ವರ್ಷಕ್ಕೆ ಸರಿಯಿತು.

ಮೊನ್ನೆ ದೊಡ್ಡಪ್ಪನ ಮಗ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹೊಸ ಲೆಕ್ಕ ಹಾಕಿದ್ದಾನೆ. ಮನುಷ್ಯನ ಆಯುಷ್ಯ ಎಪ್ಪತ್ತು, ಬಲ ಹೆಚ್ಚಿದ್ದರೆ ಎಂಬತ್ತು ಎಂದು 90ನೆಯ ಕೀರ್ತನೆ ಹೇಳುತ್ತದೆ, ಆದ್ದರಿಂದ ತಲೆಮಾರು ಎಂದರೆ 80, ಆದ್ದರಿಂದ 2028. ಜೊತೆಗೆ ಐದು ಕೆಂಪು ಕಡಸುಗಳ ಚಿತ್ರ. 2022ರ ಸೆಪ್ಟೆಂಬರಿನಲ್ಲಿ ಟೆಕ್ಸಸ್‌ನಿಂದ ವಿಮಾನದಲ್ಲಿ ಇಸ್ರೇಲಿಗೆ ಹೋದ ಕಡಸುಗಳು ಅವು. ಅರಣ್ಯಕಾಂಡದ 19ನೆಯ ಅಧ್ಯಾಯದ ಶುದ್ಧೀಕರಣಕ್ಕೆ ಒಂದು ಕೆಂಪು ಹಸು ಬೇಕು. ಯೆರೂಸಲೇಮಿನಲ್ಲಿ ಯೆಹೂದ್ಯರ ಮೂರನೆಯ ದೇವಾಲಯ ಕಟ್ಟಬೇಕೆನ್ನುವವರು ಅದಕ್ಕಾಗಿ ಹುಡುಕುತ್ತಲೇ ಇರುತ್ತಾರೆ. ಚಿತ್ರದ ಕೆಳಗೆ, 'ಇಸ್ರೇಲ್ ದೇವರ ಗಡಿಯಾರ, ಮುಳ್ಳನ್ನು ನೋಡುತ್ತಿರಿ' ಎಂಬ ಸಾಲು. ಮೂವತ್ತು ಜನ ಕೈಮುಗಿದಿದ್ದರು. ನಾನು ಏನೂ ಬರೆಯಲಿಲ್ಲ. ಆದರೆ ಆ ಗಡಿಯಾರ ನನ್ನನ್ನು ಬಿಡಲಿಲ್ಲ.

ಮೊದಲು ಆ 'ಸಂತತಿ'ಯನ್ನೇ ನೋಡೋಣ. ಕನ್ನಡದಲ್ಲಿ ಸಂತತಿ ಎಂದರೆ ಮಕ್ಕಳು ಮರಿ, ವಂಶ. ತಲೆಮಾರು ಬೇರೆ, ಸಂತತಿ ಬೇರೆ. ಗ್ರೀಕಿನ 'ಗೆನೆಯಾ' ಎಂಬ ಮಾತು ಎರಡೂ ಕಡೆ ವಾಲಬಲ್ಲದು. ಸಂದರ್ಭ ನೋಡಿದರೆ ತಲೆಮಾರು ಎನ್ನುವವರೇ ಹೆಚ್ಚು. ಅದನ್ನು ವಂಶ ಎಂದು ತೆಗೆದುಕೊಂಡು, ಯೆಹೂದ್ಯ ಜನ ಅಳಿಯದೆ ಉಳಿಯುತ್ತಾರೆ ಎಂಬ ಅರ್ಥ ಹೇಳಿದವರೂ ಹಿಂದಿನಿಂದ ಇದ್ದಾರೆ. ಹಾಗಾಗಿ ಕನ್ನಡದಲ್ಲೇ ಓದಿದ ಅಜ್ಜನಿಗೆ ಆ ವಾಕ್ಯ ಒಂದು ಜನಾಂಗದ ಬಾಳಿಕೆಯ ಮಾತಾಗಿ ಕೇಳಿಸಬೇಕಿತ್ತು. ಆದರೆ ಅದರ ಪಕ್ಕದಲ್ಲೇ ಅವರು 40 ಬರೆದರು. ಕಣ್ಣು ಓದಿದ್ದು ಕನ್ನಡ, ಕೈ ಬರೆದದ್ದು ಕ್ಯಾಸೆಟ್ಟಿನ ಮಾತು.

ಇನ್ನೊಂದು ತೊಡಕಿದೆ. ಇದೇ ಮಾತನ್ನು ಲೂಕನು ಬರೆಯುವಾಗ ಅಂಜೂರದ ಮರವನ್ನೂ ಎಲ್ಲ ಮರಗಳನ್ನೂ ನೋಡಿರಿ ಎನ್ನುತ್ತಾನೆ. ಅಂಜೂರ ಒಂದು ದೇಶವಾದರೆ ಉಳಿದ ಮರಗಳು ಯಾವ ದೇಶಗಳು? ಹೈಸ್ಕೂಲಿನಲ್ಲಿದ್ದಾಗ ನಾನು ಅಜ್ಜನನ್ನು ಹೀಗೆ ಕೇಳಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, 'ಅದು ಇರಲಿ' ಎಂದರು. ಮತ್ತಾಯನ ಆ ಅಧ್ಯಾಯ ಶುರುವಾಗುವುದೇ ದೇವಾಲಯದ ಕಟ್ಟಡಗಳನ್ನು ತೋರಿಸುವ ಶಿಷ್ಯರಿಂದ, ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂಬ ಉತ್ತರದಿಂದ. ಯೇಸು ಅದನ್ನು ಹೇಳಿದ್ದು ಹೆಚ್ಚುಕಡಿಮೆ ಕ್ರಿ.ಶ. 30ರಲ್ಲಿ. ಟೈಟಸನ ರೋಮನ್ ಸೇನೆ ಆ ದೇವಾಲಯವನ್ನು ಕೆಡವಿದ್ದು 70ರಲ್ಲಿ. ನಲವತ್ತೇ ಬೇಕಾದರೆ ಅದು ಒಮ್ಮೆ ಆಗಿಹೋಗಿದೆ.

ಅಜ್ಜನನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಮ್ಮ ಸಭೆಯ ಬೇರನ್ನು ಹುಡುಕುತ್ತ ಹೋದರೆ ಅಲ್ಲೂ ಒಂದು ಕೂಡುವ ಲೆಕ್ಕವೇ ಸಿಗುತ್ತದೆ.

1834ರಲ್ಲಿ ಹೇಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಬಾಸೆಲ್ ಮಿಷನ್ನಿನ ಕಥೆ ಕನ್ನಡನಾಡಿನಲ್ಲಿ ಶುರುವಾಗುವುದು ಅಲ್ಲಿಂದ. ಮಿಷನ್ನಿನ ಕಚೇರಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದರೂ ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಭಕ್ತಿಪಂಥದ ಮನೆಗಳ ಹುಡುಗರು. ಹೇಬಿಕ್ ಅಲ್ಲಿಯವರು, ಮೋಗ್ಲಿಂಗ್ ಕೂಡ. ಆ ಮನೆಗಳಲ್ಲಿ ನೂರು ವರ್ಷದಿಂದ ಗುರುವಿನ ಸ್ಥಾನದಲ್ಲಿದ್ದವನು ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್. ಸತ್ಯವೇದದ ಕೊನೆಯದಾದ ಪ್ರಕಟನೆ ಪುಸ್ತಕದ ಅಂಕಿಗಳನ್ನು ವರ್ಷಗಟ್ಟಲೆ ಅರೆದು ಅವನು ತೆಗೆದ ದಿನ 1836ರ ಜೂನ್ 18. ಅಂದು ಆ ಪುಸ್ತಕದಲ್ಲಿ ದೇವರ ವೈರಿಯಾಗಿ ಬರುವ ಮೃಗದ ಆಳ್ವಿಕೆ ಮುಗಿದು ಸಾವಿರ ವರ್ಷದ ರಾಜ್ಯದ ಬಾಗಿಲು ತೆರೆಯಬೇಕಿತ್ತು. ಅಂದರೆ ನಮ್ಮ ಮೂವರು ಮಂಗಳೂರಿನ ಮಳೆಗೆ ಒಗ್ಗಿಕೊಳ್ಳುವಷ್ಟರಲ್ಲಿ ಗಡುವಿಗೆ ಎರಡು ವರ್ಷವೂ ಉಳಿದಿರಲಿಲ್ಲ.

ಬೆಂಗೆಲ್ ಸಾಮಾನ್ಯನಲ್ಲ. 1734ರಲ್ಲಿ ಅವನು ಅಚ್ಚು ಹಾಕಿಸಿದ ಗ್ರೀಕ್ ಹೊಸ ಒಡಂಬಡಿಕೆಯಿಂದ ಪಾಠಪರಿಶೋಧನೆಯ ಶಾಸ್ತ್ರಕ್ಕೆ ಒಂದು ಶಿಸ್ತು ಬಂತು. ಹಸ್ತಪ್ರತಿಗಳಲ್ಲಿ ಪಾಠ ಎರಡಾಗಿದ್ದರೆ ಕಷ್ಟದ ಪಾಠವನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ನಕಲು ಮಾಡುವವನು ಕಷ್ಟದ್ದನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭದ್ದನ್ನು ಕಷ್ಟ ಮಾಡುವುದಿಲ್ಲ ಎಂಬ ಸೂತ್ರ ಅವನದು. ಕನ್ನಡದ ಹಳೆಯ ಕಾವ್ಯಗಳ ಸಂಪಾದನೆ ಮಾಡುವವರಿಗೂ ಈ ಸೂತ್ರ ಗೊತ್ತು. ಅಕ್ಷರದಲ್ಲಿ ಇಷ್ಟು ಜಾಗರೂಕನಾದವನು ಅಂಕಿಯಲ್ಲಿ ಸುಲಭದ ಪಾಠಕ್ಕೇ ಸೋತುಹೋದ. ಒಂದು ಮೆಚ್ಚಬೇಕು: 1836 ಏನೂ ಆಗದೆ ದಾಟಿದರೆ ನನ್ನ ಪದ್ಧತಿಯಲ್ಲೇ ದೊಡ್ಡ ತಪ್ಪಿದೆ ಎಂದು ತಿಳಿಯಿರಿ ಎಂದು ಅವನೇ ಬರೆದಿಟ್ಟಿದ್ದ. ಈಗಿನ ವಾಟ್ಸ್ಆ್ಯಪ್ ಗಣಿತಜ್ಞರು ಇಂಥ ಷರಾ ಬರೆಯುವುದನ್ನು ನಾನು ಕಂಡಿಲ್ಲ.

ಆ ಭಕ್ತಿಪಂಥದವರಲ್ಲಿ ಕೆಲವರು 1817ರ ಸುಮಾರಿಗೇ ಗಾಡಿ ಕಟ್ಟಿಕೊಂಡು ಕಾಕಸಸ್ ಬೆಟ್ಟಗಳ ಕಡೆ ಹೊರಟಿದ್ದರು, ಬರಲಿರುವ ಸಂಕಟದಿಂದ ಅಲ್ಲಿ ಆಶ್ರಯ ಸಿಗುತ್ತದೆಂದು. ಇನ್ನೊಂದು ಕುಟುಂಬದ ಕಥೆ ನಮಗೆ ಇನ್ನೂ ಹತ್ತಿರದ್ದು. ವಿಲ್ಹೆಲ್ಮ್ ಹಾಫ್‌ಮನ್ 1839ರಿಂದ 1850ರವರೆಗೆ ಬಾಸೆಲ್ ಮಿಷನ್ನಿನ ಮುಖ್ಯಸ್ಥ. 'ಮಂಗಳೂರ ಸಮಾಚಾರ' ಹೊರಟ 1843ರಲ್ಲಿ ಮೋಗ್ಲಿಂಗರ ಮೇಲಧಿಕಾರಿ ಅವನೇ. ಅವನ ತಮ್ಮ ಕ್ರಿಸ್ಟೋಫ್ ಹಾಫ್‌ಮನ್ ಚರ್ಚಿನಿಂದ ಸಿಡಿದು, ದೇವಜನರನ್ನು ಪವಿತ್ರ ನಾಡಿನಲ್ಲಿ ಕೂಡಿಸಬೇಕೆಂದು ಸಂಗಡಿಗರನ್ನು ಕಟ್ಟಿಕೊಂಡು 1868ರಲ್ಲಿ ಹೈಫಾಕ್ಕೆ ಹೋಗಿ ನೆಲೆಸಿದ. ಪ್ರವಾದನೆಗಳಲ್ಲಿರುವ ಆ ದೇವಜನ ಯಾರು ಎಂಬ ಪ್ರಶ್ನೆಗೆ ಅವನ ಉತ್ತರ ಸರಳವಾಗಿತ್ತು. ನಾವೇ, ಜರ್ಮನಿಯ ವಿಶ್ವಾಸಿಗಳು! ಅವರು ಕಟ್ಟಿದ ಕೆಂಪು ಹೆಂಚಿನ ಮನೆಗಳು ಹೈಫಾದಲ್ಲಿ ಇಂದಿಗೂ ಇವೆ. ಆ ಮನೆಗಳವರಲ್ಲಿ ಬಹಳ ಮಂದಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಶತ್ರುದೇಶದವರೆಂದು ಹಿಡಿದು ಆಸ್ಟ್ರೇಲಿಯಕ್ಕೆ ಸಾಗಿಸಿದರು. ಯೆಹೂದ್ಯರಿಗೆ ಹೇಳಿದ ಮಾತನ್ನು ಅವರಿಂದ ಎತ್ತಿಕೊಂಡು ತಮ್ಮ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳುವುದು ಕ್ರೈಸ್ತರ ಹಳೆಯ ರೂಢಿ. ಹಾಫ್‌ಮನ್ ಅದನ್ನು ಗಂಟುಮೂಟೆ ಸಮೇತ ಮಾಡಿ ತೋರಿಸಿದ.

ಇನ್ನೊಂದು ಬಗೆಯವರು ಖಾತೆಯನ್ನು ಯೆಹೂದ್ಯರ ಹೆಸರಿನಲ್ಲೇ ಬಿಡುತ್ತಾರೆ, ಪಾಸ್‌ಬುಕ್ ಮಾತ್ರ ತಮ್ಮ ಬಳಿ ಇಟ್ಟುಕೊಳ್ಳುತ್ತಾರೆ. ಅವರಲ್ಲಿ ನನಗೆ ತುಂಬ ಇಷ್ಟದವನು ವಿಲಿಯಂ ಹೆಕ್ಲರ್. ಮಿಷನರಿಯ ಮಗ, ಹುಟ್ಟಿದ್ದು 1845ರಲ್ಲಿ ಕಾಶಿಯಲ್ಲಿ. 1896ರಲ್ಲಿ ವಿಯೆನ್ನಾದ ಬ್ರಿಟಿಷ್ ರಾಯಭಾರ ಕಚೇರಿಯ ಪಾದ್ರಿಯಾಗಿದ್ದ. ಯೆಹೂದ್ಯರಿಗೆ ಸ್ವಂತ ರಾಷ್ಟ್ರ ಬೇಕೆಂದು ಥಿಯೋಡರ್ ಹರ್ಜಲ್ ಎಂಬ ಪತ್ರಕರ್ತ ಬರೆದ ಚಿಕ್ಕ ಪುಸ್ತಕ ಆ ಫೆಬ್ರವರಿಯಲ್ಲಿ ಹೊರಬಂದಿತ್ತು. ಮಾರ್ಚಿನಲ್ಲಿ ಹೆಕ್ಲರ್ ಅವನ ಬಾಗಿಲಿಗೇ ಹೋಗಿ ನಿಂತ. ಆಮೇಲೆ ಹರ್ಜಲ್ ಅವನ ಮನೆಗೆ ಹೋದಾಗ ಕಂಡದ್ದನ್ನು ದಿನಚರಿಯಲ್ಲಿ ಬರೆದಿದ್ದಾನೆ: ಗೋಡೆಯ ತುಂಬ ಬೈಬಲ್ಲುಗಳು, ಪುರಾತನ ದೇವಾಲಯದ ಮಾದರಿ, ಬಿಚ್ಚಿ ಹಾಸಿದರೆ ನೆಲವನ್ನೆಲ್ಲ ಮುಚ್ಚುವ ಪ್ಯಾಲೆಸ್ತೀನಿನ ನಕ್ಷೆ. ಹೊಸ ದೇವಾಲಯ ಬೇತೇಲಿನಲ್ಲಿ ಬರಬೇಕೆಂದು ಹೆಕ್ಲರ್ ಬೆರಳಿಟ್ಟು ತೋರಿಸಿದ. ಅವನ ಲೆಕ್ಕವೂ ಕೂಡುವುದೇ. ಖಲೀಫ ಉಮರ್ ಯೆರೂಸಲೇಮನ್ನು ಪಡೆದ 637–38ಕ್ಕೆ ಪ್ರಕಟನೆಯ 42 ತಿಂಗಳು, ಅಂದರೆ 1260 ದಿನಗಳನ್ನು ವರ್ಷವೆಂದು ಸೇರಿಸಿದರೆ 1897–98.

ಹರ್ಜಲ್‌ಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಹೆಕ್ಲರ್‌ಗೆ ಬಾಡೆನ್ನಿನ ಗ್ರ್ಯಾಂಡ್ ಡ್ಯೂಕ್ ಗೊತ್ತಿದ್ದ, ಡ್ಯೂಕ್ ಮೂಲಕ ಜರ್ಮನಿಯ ಚಕ್ರವರ್ತಿ ಕೈಸರ್ ತನಕ ದಾರಿ ಇತ್ತು. ಹರ್ಜಲ್ ಆ ದಾರಿಯಲ್ಲಿ ನಡೆದ. 1897ರ ಆಗಸ್ಟ್ ಕೊನೆಯಲ್ಲಿ ಮೊದಲ ಜಿಯೋನಿಸ್ಟ್ ಮಹಾಸಭೆ ನಡೆಯಿತು. ಎಲ್ಲಿ? ಬಾಸೆಲ್‌ನಲ್ಲಿ. ಮಂಗಳೂರಿನವನಾಗಿ ಈ ಊರಿನ ಹೆಸರು ಬಂದಾಗಲೆಲ್ಲ ನನ್ನ ಕಿವಿ ನೆಟ್ಟಗಾಗುತ್ತದೆ. ಮಹಾಸಭೆ ಮುಗಿಸಿ ಮನೆಗೆ ಹೋದ ಹರ್ಜಲ್ ದಿನಚರಿಯಲ್ಲಿ ಬರೆದ: ಬಾಸೆಲ್‌ನಲ್ಲಿ ನಾನು ಯೆಹೂದ್ಯ ರಾಷ್ಟ್ರವನ್ನು ಸ್ಥಾಪಿಸಿದೆ, ಇಂದು ಗಟ್ಟಿಯಾಗಿ ಹೇಳಿದರೆ ಎಲ್ಲರೂ ನಗುತ್ತಾರೆ, ಬಹುಶಃ ಐದು ವರ್ಷಕ್ಕೆ, ಖಂಡಿತವಾಗಿ ಐವತ್ತು ವರ್ಷಕ್ಕೆ ಎಲ್ಲರೂ ಒಪ್ಪುತ್ತಾರೆ. ವಿಶ್ವಸಂಸ್ಥೆ ಪ್ಯಾಲೆಸ್ತೀನನ್ನು ಇಬ್ಭಾಗ ಮಾಡುವ ನಿರ್ಣಯ ಕೈಗೊಂಡದ್ದು 1947ರ ನವೆಂಬರಿನಲ್ಲಿ. ಬೆಂಗೆಲ್, ಹೆಕ್ಲರ್, ಲಿಂಡ್ಸೆ, ನಮ್ಮ ಅಜ್ಜ ಎಲ್ಲರ ನಡುವೆ ಅಂಕಿ ಸರಿಹೋದದ್ದು ಪ್ರವಾದಿ ದಾನಿಯೇಲನ ಪುಸ್ತಕವನ್ನು ಅಳೆಯದೆ ಅಂದಾಜಿನಲ್ಲಿ ಮಾತನಾಡಿದ ಈ ಪತ್ರಕರ್ತನದು.

ಲೆಕ್ಕದವರನ್ನು ಇಲ್ಲಿಗೇ ಬಿಡೋಣ. ಪ್ರವಾದನೆ ಯಾರಿಗೆ ಹೇಳಿದ್ದೋ ಆ ಜನ ಅದನ್ನು ಹೇಗೆ ಓದಿಕೊಂಡರು ಎಂಬುದನ್ನು ನಮ್ಮ ಸಭೆಗಳಲ್ಲಿ ನಾನು ಕೇಳಿದ್ದೇ ಇಲ್ಲ. ಮದುವೆಯ ಮಾತುಕತೆ ಎಲ್ಲ ಮುಗಿಸಿ ಹೆಣ್ಣನ್ನು ಮಾತ್ರ ಕೇಳದೆ ಬಿಟ್ಟ ಹಾಗೆ.

ಯೆಹೆಜ್ಕೇಲನ 37ನೆಯ ಅಧ್ಯಾಯವನ್ನೇ ತೆಗೆದುಕೊಳ್ಳಿ, ಒಣ ಎಲುಬುಗಳ ಕಣಿವೆ. ಯೆಹೆಜ್ಕೇಲ ಯಾಜಕರ ಮನೆಯವನು. ಕ್ರಿ.ಪೂ. 597ರಲ್ಲಿ ರಾಜನ ಜೊತೆ ಸೆರೆಯಾಳಾಗಿ ಬಾಬೆಲಿಗೆ ಸಾಗಿಸಲ್ಪಟ್ಟು, ಕೆಬಾರ್ ಕಾಲುವೆಯ ದಡದಲ್ಲಿ ಬದುಕುತ್ತಿದ್ದವನು. ಅವನ ಕಣ್ಣಿಗೆ ಇಷ್ಟವಾದವಳು, ಅವನ ಹೆಂಡತಿ, ಒಂದು ಸಂಜೆ ಸತ್ತುಹೋದಳು. ಅಳಬೇಡ ಎಂಬ ಅಪ್ಪಣೆಯಾಯಿತು. ಆಮೇಲೆ ಯೆರೂಸಲೇಮ್ ಸುಟ್ಟುಹೋದ ಸುದ್ದಿ ಬಂತು. ಅಂಥವನನ್ನು ದೇವರು ಎಲುಬುಗಳ ನಡುವೆ ಸುತ್ತಾಡಿಸಿ, ಇವು ಬದುಕಬಲ್ಲವೇ ಎಂದು ಕೇಳುತ್ತಾನೆ. ಯೆಹೆಜ್ಕೇಲನ ಉತ್ತರ, ನೀನೇ ಬಲ್ಲೆ. ಹೌದೂ ಅಲ್ಲ, ಇಲ್ಲವೂ ಅಲ್ಲ. ಹೆಂಡತಿಯನ್ನು ಅಳದೆ ಹೂಳಿದವನ ಬಾಯಲ್ಲಿ ಅದಕ್ಕಿಂತ ಹೆಚ್ಚು ಮಾತು ಬರಬೇಕೆಂದು ನಾವು ಯಾಕೆ ಬಯಸಬೇಕು?

ಅಲ್ಲಿ ಹೀಬ್ರೂವಿನ 'ರೂವಹ್' ಎಂಬ ಒಂದೇ ಮಾತು ಗಾಳಿಯಾಗಿಯೂ ಉಸಿರಾಗಿಯೂ ದೇವರ ಆತ್ಮವಾಗಿಯೂ ಬರುತ್ತದೆ. ನಾಲ್ಕು ದಿಕ್ಕಿನಿಂದ ಬಾ ಎಂದು ಕರೆದದ್ದೂ ಅದನ್ನೇ, ಎಲುಬಿನೊಳಗೆ ಹೊಕ್ಕದ್ದೂ ಅದೇ. ಕನ್ನಡದಲ್ಲಿ ಅದನ್ನು ಮೂರು ಪದವಾಗಿ ಒಡೆಯದೆ ಗತಿಯಿಲ್ಲ. ಒಡೆದ ಕೂಡಲೇ ಗಾಳಿ ಹವಾಮಾನಕ್ಕೂ ಆತ್ಮ ದೇವಶಾಸ್ತ್ರಕ್ಕೂ ಹೋಗಿ ಬೇರೆ ಬೇರೆ ಕೂರುತ್ತವೆ. ಆ ಎಲುಬುಗಳು ಯಾರು ಎಂಬುದನ್ನು ಮಾತ್ರ ಅಧ್ಯಾಯವೇ ಬಿಡಿಸಿ ಹೇಳುತ್ತದೆ. ನಮ್ಮ ಎಲುಬು ಒಣಗಿತು, ನಮ್ಮ ನಿರೀಕ್ಷೆ ಕಳೆದುಹೋಯಿತು ಎಂದು ಗೋಳಿಡುತ್ತಿದ್ದ ಇಸ್ರಾಯೇಲ್ ವಂಶ.

ಯೆಹೂದ್ಯ ಗುರುಗಳಾದ ರಬ್ಬಿಗಳ ಚರ್ಚೆಗಳ ಸಂಗ್ರಹ ಟಾಲ್ಮುಡ್‌ನ ಸನ್ಹೆದ್ರಿನ್ ಭಾಗದಲ್ಲಿ ಇದರ ಮೇಲೆ ಒಂದು ಜಗಳವಿದೆ. ಅದು ಬರೀ ದೃಷ್ಟಾಂತ ಎನ್ನುತ್ತಾನೆ ಒಬ್ಬ ರಬ್ಬಿ. ಅಲ್ಲ, ಅವರು ನಿಜವಾಗಿ ಎದ್ದರು, ಇಸ್ರಾಯೇಲ್ ನಾಡಿಗೆ ಹೋದರು, ಮದುವೆಯಾಗಿ ಮಕ್ಕಳನ್ನು ಹೆತ್ತರು ಎನ್ನುತ್ತಾನೆ ಇನ್ನೊಬ್ಬ. ಆಗ ಯೆಹೂದಾ ಬೆನ್ ಬತೇರಾ ಎಂಬ ರಬ್ಬಿ ಎದ್ದು ನಿಂತು ಹೇಳಿದನಂತೆ: ನಾನು ಅವರ ಮೊಮ್ಮಕ್ಕಳಲ್ಲಿ ಒಬ್ಬ, ಇಗೋ, ನನ್ನ ಅಜ್ಜ ಅವರಿಂದ ಪಡೆದು ನನಗೆ ಬಿಟ್ಟುಹೋದ ತೆಫಿಲಿನ್. ತೆಫಿಲಿನ್ ಎಂದರೆ ಪ್ರಾರ್ಥನೆಯ ಹೊತ್ತಿಗೆ ತೋಳಿಗೂ ಹಣೆಗೂ ಕಟ್ಟಿಕೊಳ್ಳುವ, ಒಳಗೆ ವಾಕ್ಯದ ಚೀಟಿಗಳಿರುವ ತೊಗಲಿನ ಪುಟ್ಟ ಪೆಟ್ಟಿಗೆಗಳು. ದೃಷ್ಟಾಂತವೋ ನಿಜವೋ ಎಂಬ ವಾದಕ್ಕೆ ಅಜ್ಜನ ಕಾಲದ ಒಂದು ವಸ್ತುವನ್ನು ತಂದು ಮುಂದಿಟ್ಟ ಆ ಮನುಷ್ಯನ ಮುಖದಲ್ಲಿ ನಗುವಿತ್ತೋ ಇಲ್ಲವೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಇದಾಗಿ ಕೆಲವು ಪುಟಗಳಲ್ಲೇ ಮತ್ತೆ ಎಲುಬಿನ ಮಾತು ಬರುತ್ತದೆ, ಈ ಸಲ ಶಾಪವಾಗಿ. ಅಂತ್ಯಕಾಲವನ್ನು ಲೆಕ್ಕ ಹಾಕುವವರ ಎಲುಬು ಸಿಡಿದುಹೋಗಲಿ! ಕಾರಣವನ್ನೂ ಕೊಡುತ್ತಾರೆ: ಲೆಕ್ಕದ ದಿನ ಬಂದು, ಯೆಹೂದ್ಯರು ಕಾಯುತ್ತಿರುವ ರಕ್ಷಕ ಮೆಸ್ಸೀಯ ಬಾರದೆ ಹೋದರೆ, ಇನ್ನು ಬರುವುದೇ ಇಲ್ಲ ಎಂದುಬಿಡುತ್ತಾರೆ ಜನ. 1666ರಲ್ಲಿ ಅದು ನಿಜವೂ ಆಯಿತು. ಇಜ್ಮೀರಿನ ಶಬ್ಬತಾಯ್ ಜ್ವಿಯೇ ಮೆಸ್ಸೀಯನೆಂದು ಯುರೋಪಿನಿಂದ ಯೆಮೆನ್‌ವರೆಗೂ ಜನ ಕಾದು ಕುಳಿತಿದ್ದಾಗ, ಆತ ಸುಲ್ತಾನನ ಮುಂದೆ ಪೇಟ ಸುತ್ತಿಕೊಂಡು ಮುಸಲ್ಮಾನನಾದ.

ಆ ಕಣಿವೆ ಮಾತ್ರ ಅವರ ಜೊತೆಗೇ ಉಳಿಯಿತು. ಮಸಾದ ಕೋಟೆಯಲ್ಲಿ ರೋಮನ್ನರ ವಿರುದ್ಧ ಕೊನೆಯತನಕ ನಿಂತವರ ಪ್ರಾರ್ಥನಾ ಕೊಠಡಿಯ ನೆಲದಡಿ ಹೂತಿಟ್ಟ ಯೆಹೆಜ್ಕೇಲನ ಸುರುಳಿಯ ಚೂರುಗಳು 1960ರ ದಶಕದ ಉತ್ಖನನದಲ್ಲಿ ಸಿಕ್ಕವು. ಅವುಗಳಲ್ಲಿ ಈ ಅಧ್ಯಾಯವಿತ್ತು. ಇಸ್ರೇಲಿನ ರಾಷ್ಟ್ರಗೀತೆಯಲ್ಲಿ ನಮ್ಮ ನಿರೀಕ್ಷೆ ಇನ್ನೂ ಕಳೆದುಹೋಗಿಲ್ಲ ಎಂಬ ಮಾತಿದೆ, ಆ ಎಲುಬುಗಳ ಗೋಳಿಗೆ ನೇರ ಎದುರುತ್ತರ. ನಾಜಿಗಳು ಕೊಂದ ಅರುವತ್ತು ಲಕ್ಷ ಜನರ ಸ್ಮಾರಕವಾದ ಯಾದ್ ವಾಶೆಮ್‌ನ ಹೆಬ್ಬಾಗಿಲ ಮೇಲೆ ಇದೇ ಅಧ್ಯಾಯದ 14ನೆಯ ವಚನ ಕೊರೆದಿದೆ. ಅಲ್ಲಿ ಎಲುಬು ದೃಷ್ಟಾಂತವೇ, ನಿಜವೇ ಎಂದು ಯಾರು ವಾದಿಸುತ್ತಾರೆ?

ಹಾಗೆಂದು ಯೆಹೂದ್ಯರೆಲ್ಲ 1948ನ್ನು ಪ್ರವಾದನೆಯ ನೆರವೇರಿಕೆ ಎಂದು ಒಪ್ಪಿದ್ದಾರೆಯೇ? ಇಲ್ಲ. ನಮ್ಮ ವಿಮೋಚನೆಯ ಮೊದಲ ಮೊಳಕೆ ಎಂದು ಆ ರಾಷ್ಟ್ರಕ್ಕಾಗಿ ಪ್ರಾರ್ಥಿಸುವವರಿದ್ದಾರೆ. ಮೆಸ್ಸೀಯ ಬರುವ ಮೊದಲೇ ಬಲದಿಂದ ರಾಷ್ಟ್ರ ಕಟ್ಟಿದ್ದು ದೇವರ ಮುಂದೆ ಇಟ್ಟ ಆಣೆಯನ್ನು ಮುರಿದಂತೆ ಎನ್ನುವ ಸತ್ಮಾರ್ ಪಂಥದವರಿದ್ದಾರೆ. ದೇವರ ಮಾತೇ ಬೇಡ ಎನ್ನುವವರೂ ಇದ್ದಾರೆ. ಸ್ವಾತಂತ್ರ್ಯ ಘೋಷಣೆಯನ್ನು ಬರೆಯುವಾಗಲೇ ದೇವರ ಹೆಸರು ಬೇಕೋ ಬೇಡವೋ ಎಂದು ಜಗ್ಗಾಟವಾಗಿ, ಕೊನೆಗೆ 'ಇಸ್ರಾಯೇಲಿನ ಬಂಡೆ' ಎಂದು ಬರೆದು ಇಬ್ಬರೂ ಸಹಿ ಹಾಕಿದರು. ಭಕ್ತನಿಗೆ ಅದು ದೇವರು, ಉಳಿದವರಿಗೆ ಗಟ್ಟಿತನ. ಒಳಗೆ ಇಷ್ಟು ಜಗಳವಿರುವ ಜನ ಹೊರಗಿನವರ ಕಣ್ಣಿಗೆ ಒಂದೇ ಒಂದು ಮುಳ್ಳು.

ಕಡೇ ದಿವಸಗಳಲ್ಲಿ ಇಸ್ರಾಯೇಲಿನ ಮೇಲೆ ದಂಡೆತ್ತಿ ಬರುವರೆಂದು ಯೆಹೆಜ್ಕೇಲ ಹೇಳುವ ಗೋಗ ಮಾಗೋಗರ ವಿಷಯ ಉದ್ದ ಮಾಡುವುದಿಲ್ಲ. ನಾಲ್ಕನೆಯ ಶತಮಾನದ ಅಂಬ್ರೋಸನಿಗೆ ಗೋಗ ಎಂದರೆ ಗಾಥರು, ಲೂಥರನಿಗೆ ತುರ್ಕರು, ನನ್ನ ಬಾಲ್ಯದ ಬೋಧಕರಿಗೆ ಸೋವಿಯತ್ ರಷ್ಯ. ಗೋಗನ ಜೊತೆ ಬರುವ ಹೆಸರುಗಳಲ್ಲಿ 'ರೋಷ್' ಎಂದರೆ ರಷ್ಯ, 'ಮೆಷೆಕ್' ಎಂದರೆ ಮಾಸ್ಕೋ ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಹೀಬ್ರೂವಿನಲ್ಲಿ ರೋಷ್ ಎಂದರೆ ತಲೆ. ಮೆಷೆಕ್, ತೂಬಲ್ ಈಗಿನ ಟರ್ಕಿಯ ನೆಲದಲ್ಲಿದ್ದ ಜನ; ಅಶ್ಶೂರ್ಯರ ಶಾಸನಗಳಲ್ಲೂ ಅವರು ಬರುತ್ತಾರೆ. ಧ್ವನಿಸಾಮ್ಯದಿಂದ ಊರು ಹುಡುಕುವುದಾದರೆ ನಮ್ಮ ಜಿಲ್ಲೆಯಲ್ಲೇ ನಾಲ್ಕು ಸಿಕ್ಕಾವು.

ಆದರೆ ಒಂದು ರಾತ್ರಿ ಮರೆಯಲಾರೆ. ಮೈದಾನದಲ್ಲಿ ಪೆಂಡಾಲ್ ಹಾಕಿದ ಉಜ್ಜೀವನ ಕೂಟ, ನನಗೆ ಹದಿನಾರೋ ಹದಿನೇಳೋ. ಬೋಧಕರು ಜೆಕರ್ಯನ 13ನೆಯ ಅಧ್ಯಾಯಕ್ಕೆ ಬಂದರು. ದೇಶದಲ್ಲಿ ಎರಡು ಪಾಲು ಜನ ಸಾಯುವರು, ಮೂರನೆಯ ಪಾಲು ಉಳಿಯುವುದು. ಈಗ ಇಸ್ರೇಲಿಗೆ ಹಿಂದಿರುಗುತ್ತಿರುವ ಯೆಹೂದ್ಯರಲ್ಲಿ ಮೂರರಲ್ಲಿ ಎರಡು ಪಾಲು ಹೀಗೆ ಹೋಗುತ್ತಾರೆ, ಅಷ್ಟರಲ್ಲಿ ನಾವು ಮೇಲಕ್ಕೆ ಎತ್ತಲ್ಪಟ್ಟಿರುತ್ತೇವೆ ಎಂದರು. ಪೆಂಡಾಲಿನಲ್ಲಿ ಹಲ್ಲೆಲೂಯಾ ಎದ್ದಿತು. ಮನೆಗೆ ನಡೆದು ಬರುವಾಗ ಅಜ್ಜಿ ಟಾರ್ಚಿನ ಬೆಳಕನ್ನು ನೆಲಕ್ಕೆ ಹಿಡಿದುಕೊಂಡೇ ಕೇಳಿದರು, 'ಅಷ್ಟು ಜನ ಸತ್ತರೆ ಹೂಳುವವರು ಯಾರು?' ಅಜ್ಜ ಕೂಡಲೇ, 'ಏಳು ತಿಂಗಳು ಹೂಳುತ್ತಾರೆ ಎಂದಿದೆ, ಯೆಹೆಜ್ಕೇಲ ಮೂವತ್ತೊಂಬತ್ತು' ಎಂದರು. ಯೆಹೆಜ್ಕೇಲ ಅಲ್ಲಿ ಹೇಳಿದ್ದು ಗೋಗನ ಸೈನಿಕರ ಹೆಣಗಳ ಮಾತು, ಯೆಹೂದ್ಯರದ್ದಲ್ಲ. ಅಜ್ಜಿ ಅದನ್ನು ಎತ್ತಲಿಲ್ಲ. 'ಅದಲ್ಲ ನಾನು ಕೇಳಿದ್ದು' ಎಂದಷ್ಟೇ ಹೇಳಿದರು. ಮನೆ ತಲುಪುವವರೆಗೆ ಇಬ್ಬರೂ ಮಾತನಾಡಲಿಲ್ಲ.

ಗಡಿಯಾರದ ಮಾತಿನಲ್ಲಿ ನನಗೆ ಕಿರಿಕಿರಿಯಾಗುವುದು ಅಲ್ಲೇ. ಮುಳ್ಳಿಗೆ ನೋವಾಗುವುದಿಲ್ಲ. ಪ್ರೀತಿಸುತ್ತೇವೆ ಎನ್ನುತ್ತಲೇ ಒಂದು ಜನವನ್ನು ನಮ್ಮ ನಾಟಕದ ಐದನೆಯ ಅಂಕದಲ್ಲಿ ಸಾಯಬೇಕಾದ ಪಾತ್ರವಾಗಿ ಇಟ್ಟುಕೊಂಡಿರುವುದು ಎಂಥ ಪ್ರೀತಿ? ಅದೇ ನೆಲದಲ್ಲಿ ಬದುಕುವ ಇನ್ನೊಬ್ಬರಿಗೆ ಆ ಗಡಿಯಾರದಲ್ಲಿ ಜಾಗವೇ ಇಲ್ಲ. ಪ್ಯಾಲೆಸ್ತೀನಿನ ಆಂಗ್ಲಿಕನ್ ಪಾದ್ರಿ ನಯೀಮ್ ಅತೀಕ್ 1948ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಬೇಸಾನ್ ಪಟ್ಟಣದ ಮನೆಯಿಂದ ಕುಟುಂಬದೊಡನೆ ಹೊರಹಾಕಲ್ಪಟ್ಟವರು. ನಾವು ಭಾನುವಾರ ಓದುವ ವಾಕ್ಯಗಳನ್ನೇ ಅವರೂ ಓದುತ್ತಾರೆ. ಅಜ್ಜನ ಲೆಕ್ಕದಲ್ಲಿ ಅಂಜೂರ ಚಿಗುರಿದ ತಿಂಗಳು ಅವರ ಮನೆಗೆ ಬೀಗ ಬಿದ್ದ ತಿಂಗಳು. ಅಂಚಿನಲ್ಲಿ ಅದಕ್ಕೆ ಅಂಕಿಯಿಲ್ಲ.

ಪೌಲನು ರೋಮಾಪುರದವರಿಗೆ ಬರೆದ ಪತ್ರದ 11ನೆಯ ಅಧ್ಯಾಯವನ್ನು ನನಗೆ ಬಿಡಿಸಿ ಹೇಳಿದ್ದು ಪಾದ್ರಿಗಳಲ್ಲ, ಪುತ್ತೂರಿನ ಕಡೆ ತೋಟವಿದ್ದ ಸೋದರಮಾವ. ಯೆಹೂದ್ಯರನ್ನು ಎಣ್ಣೇಮರಕ್ಕೂ (ಆಲಿವ್ ಮರ) ಉಳಿದವರನ್ನು ಕಾಡೆಣ್ಣೇಮರದ ಕೊಂಬೆಗೂ ಹೋಲಿಸಿ, ಆ ಕಾಡಿನ ಕೊಂಬೆಯನ್ನು ತಂದು ಒಳ್ಳೆಯ ಮರಕ್ಕೆ ಕಸಿ ಕಟ್ಟಿದೆ ಎನ್ನುತ್ತಾನೆ ಪೌಲ. ಮಾವ ಅಂಗಳದಲ್ಲಿ ಮಾವಿನ ಕಸಿ ಕಟ್ಟುತ್ತಿದ್ದರು. ಕಾಡುಮಾವಿನ ಸಸಿಯ ಬುಡವನ್ನು ಸೀಳಿ, ಒಳ್ಳೆಯ ಜಾತಿಯ ಕುಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತ ಹೇಳಿದರು, 'ನಿಮ್ಮ ಪೌಲ ತೋಟದ ಕೆಲಸ ಮಾಡಿದವನಲ್ಲ. ಕಾಡಿನ ಬುಡಕ್ಕೆ ಊರಿನ ಕುಡಿ ಕಟ್ಟಬೇಕು. ಇವನು ಉಲ್ಟಾ ಮಾಡಿದ್ದಾನೆ. ಹೀಗೆ ಕಟ್ಟಿದರೆ ಕಾಡುಹಣ್ಣೇ ಬಿಡುವುದು.' ಮನೆಗೆ ಬಂದು ಮತ್ತೆ ಓದಿದೆ. ಪೌಲನಿಗೆ ಅದು ಗೊತ್ತಿತ್ತು. ಇದು ಸ್ವಭಾವಕ್ಕೆ ವಿರುದ್ಧವಾದ ಕಸಿ ಎಂದು ಅವನೇ ಹೇಳಿದ್ದಾನೆ. ಬುಡ ನಿನ್ನನ್ನು ಹೊತ್ತಿದೆ, ನೀನು ಬುಡವನ್ನು ಹೊತ್ತಿಲ್ಲ, ಹೆಚ್ಚಳಪಡಬೇಡ ಎಂದೂ. ಯೆಹೂದ್ಯರ ಕಡೆಗಾಲದ ಬಗ್ಗೆ ಮೂರು ಅಧ್ಯಾಯ ತಡಕಾಡಿದ ಪೌಲ ಕೊನೆಗೆ ಬಂದು ನಿಲ್ಲುವುದು ವರ್ಷಕ್ಕಲ್ಲ. ಆಹಾ, ದೇವರ ದಾರಿಗಳನ್ನು ಹುಡುಕಿ ಹಿಡಿಯುವುದು ಅಸಾಧ್ಯ ಎಂಬ ಬೆರಗಿಗೆ.

ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಈ ವರ್ಷವೂ ಯೆರೆಮೀಯನ 29ನೆಯ ಅಧ್ಯಾಯದ 11ನೆಯ ವಚನವಿದೆ. ಅವು ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ. ಹಿಂದೆ ಗುಲಾಬಿ ಹೂವು. ಅದರ ಹಿಂದಿನ ವಚನವನ್ನು ಯಾವ ಕ್ಯಾಲೆಂಡರೂ ಅಚ್ಚು ಹಾಕುವುದಿಲ್ಲ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ಎಂದಿದೆ ಅಲ್ಲಿ. ಎಂದರೆ ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಸತ್ತಿರುತ್ತಾರೆ. ಒಂದು ಅಧ್ಯಾಯ ಹಿಂದಕ್ಕೆ ಹೋದರೆ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಎರಡೇ ವರ್ಷ ಎಂದು ಘೋಷಿಸಿ, ಯೆರೆಮೀಯನ ಕುತ್ತಿಗೆಯ ಮೇಲಿದ್ದ ನೊಗವನ್ನೇ ಕಿತ್ತು ಮುರಿಯುತ್ತಾನೆ. ಯೆರೆಮೀಯ ಮೊದಲು ಅಂದದ್ದು, ಆಮೆನ್, ಹಾಗೇ ಆಗಲಿ. ಅವನಿಗೂ ಎರಡೇ ವರ್ಷ ಬೇಕಿತ್ತು! ಹತ್ತಿರದ ದಿನ ಹೇಳಿದವನು ಸುಳ್ಳು ಪ್ರವಾದಿಯಾದ. ದೂರದ ದಿನ ಹೇಳಿದವನು ಸೆರೆಯವರಿಗೆ ಕಾಗದ ಬರೆದ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿಸಿ, ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿ. ಆ ಪಟ್ಟಣ ಶತ್ರುಗಳ ರಾಜಧಾನಿ ಎಂಬುದನ್ನು ಮರೆಯಬಾರದು.

ಹೇಬಿಕ್‌ರ ಸಂಗಡಿಗರು ಆ ಕಾಗದವನ್ನು ಓದಿದ್ದರೋ ಏನೋ. 1836 ಸದ್ದಿಲ್ಲದೆ ದಾಟಿತು. ಅವರ ಹಿಂದೆ ಬಂದವರು ಅಚ್ಚುಕೂಟ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚು ಸುಟ್ಟರು. ಕಿಟೆಲ್‌ರ ನಿಘಂಟು 1894ರಲ್ಲಿ ಹೊರಬಂತು. ಲೋಕ ಮುಗಿಯುತ್ತದೆಂದು ನಂಬಿದ ಮನೆಯ ಮಕ್ಕಳು ಮಾಡುವ ಕೆಲಸವೇ ಇದು?

ಅಜ್ಜನ ಸತ್ಯವೇದದ ಕೊನೆಯಲ್ಲಿ ಹುಟ್ಟು, ದೀಕ್ಷಾಸ್ನಾನ, ಮರಣಗಳನ್ನು ಬರೆಯುವ ಖಾಲಿ ಹಾಳೆಗಳಿವೆ. ಅವುಗಳ ನಡುವೆ ನಾಲ್ಕಾಗಿ ಮಡಿಸಿದ ಒಂದು ಚೀಟಿ ಸಿಕ್ಕಿತು, ಅದೇ ಪೆನ್ಸಿಲಿನ ಅಕ್ಷರ. ಕಿಸಾನ್ ವಿಕಾಸ ಪತ್ರ, ಅಂಚೆ ಕಚೇರಿ, ನವೆಂಬರ್ 1988. ಕೇಂದ್ರ ಸರಕಾರ ಆ ವರ್ಷವಷ್ಟೇ ಶುರುಮಾಡಿದ ಯೋಜನೆ, ಐದೂವರೆ ವರ್ಷಕ್ಕೆ ಹಣ ದುಪ್ಪಟ್ಟು. 5000ದ ಕೆಳಗೆ 5000, ಅಡ್ಡಗೆರೆ, 10,000. ಪಕ್ಕದಲ್ಲಿ ಮೇ 1994, ಒಂದು ಸರಿ ಗುರುತು. ಆ ಮಳೆಗಾಲಕ್ಕೆ ಮುಂಚೆ ಮನೆಯ ಪಡುಬದಿಯ ಮಾಡಿಗೆ ಹೊಸ ಹೆಂಚು ಹೊದಿಸಿದ್ದು ನನಗೆ ನೆನಪಿದೆ. ಚೀಟಿ ತಿರುಗಿಸಿದರೆ ಅದರ ಲೆಕ್ಕವೂ ಇದೆ: ಬಂದದ್ದು 1200, ಒಡೆದದ್ದು 11.